ಗ್ಯಾಂಬಿಯಾ ನದಿಯ ದಂಡೆಯ ಮುರಕಲ್ಲಿನ ಕಂಬಗಳು

ಪಶ್ಚಿಮ ಆಫ್ರಿಕಾದ ಭೂಪಟ ಬಿಡಿಸಿದರೆ ಸೆನೆಗಲ್ ದೇಶದ ಹೊಟ್ಟೆಯೊಳಗೆ ಉದ್ದಕ್ಕೆ ಹೊಕ್ಕ ಒಂದು ಸಣ್ಣ ಪಟ್ಟಿ ಕಾಣುತ್ತದೆ. ಅದೇ ಗ್ಯಾಂಬಿಯಾ. ಆಫ್ರಿಕಾದ ಮುಖ್ಯ ಭೂಭಾಗದ ದೇಶಗಳಲ್ಲೆಲ್ಲ ಚಿಕ್ಕದು. ಒಂದು ನದಿ, ಅದರ ಎರಡು ದಂಡೆಗಳ ಒಂದಿಷ್ಟು ನೆಲ, ಅಷ್ಟೇ ಅದರ ಹರವು. ಈ ಗಡಿಯನ್ನು ಬ್ರಿಟಿಷರೂ ಫ್ರೆಂಚರೂ 1889ರಲ್ಲಿ ತಮ್ಮತಮ್ಮಲ್ಲೇ ಒಪ್ಪಿಕೊಂಡು ಎಳೆದರು. ಅವರು ಬರುವ ಎಷ್ಟೋ ಶತಮಾನಗಳ ಮೊದಲೇ ಅಲ್ಲಿನ ಜನ ಈ ನೆಲದ ಉದ್ದಗಲಕ್ಕೂ ಕಲ್ಲುಕಂಬಗಳನ್ನು ನೆಟ್ಟಿದ್ದರು.

ನೆಟ್ಟದ್ದು ಒಂದೆರಡಲ್ಲ. ನದಿಯ ಗುಂಟ 350 ಕಿಲೋಮೀಟರ್ ಉದ್ದ, 100 ಕಿಲೋಮೀಟರ್ ಅಗಲದ ಪ್ರದೇಶದಲ್ಲಿ ಇಂಥ ಸ್ಮಾರಕಗಳು ಸಾವಿರಕ್ಕೂ ಹೆಚ್ಚಿವೆ. ಕಂಬಗಳನ್ನು ವೃತ್ತಾಕಾರವಾಗಿ ನಿಲ್ಲಿಸಿದ್ದಾರೆ; ಒಂದೊಂದು ವೃತ್ತದಲ್ಲಿ 8ರಿಂದ 14 ಕಂಬಗಳು. ಕಂಬದ ಸರಾಸರಿ ಎತ್ತರ 2 ಮೀಟರ್, ತೂಕ 7 ಟನ್‌ವರೆಗೂ ಹೋಗುತ್ತದೆ. ಗ್ಯಾಂಬಿಯಾದ ವಾಸ್ಸು ಮತ್ತು ಕೆರ್ ಬಾಚ್, ಸೆನೆಗಲ್‌ನ ವಾನಾರ್ ಮತ್ತು ಸೀನ್ ಎನ್‌ಗಾಯೆನ್ ಎಂಬ ನಾಲ್ಕು ಜಾಗಗಳ 93 ವೃತ್ತಗಳು 2006ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪಟ್ಟಿಯಲ್ಲಿ ಎರಡೂ ದೇಶಗಳ ಹೆಸರು ಒಟ್ಟಿಗೇ ಇದೆ.

ಕಲ್ಲು ಯಾವುದು? ಮಂಗಳೂರು, ಉಡುಪಿ ಕಡೆ ಅಜ್ಜಿಮನೆ ಇರುವ ಮಕ್ಕಳಿಗೆ ಅದರ ಗುರುತು ಸುಲಭವಾಗಿ ಸಿಗುತ್ತದೆ. ಕೆಂಪು ಬಣ್ಣ, ಮೈತುಂಬ ತೂತು, ಮುಟ್ಟಿದರೆ ಒರಟು: ಕರಾವಳಿಯವರು ಮನೆಯ ಗೋಡೆ, ಬಾವಿಯ ಕಟ್ಟೆಗೆ ಬಳಸುವ ಮುರಕಲ್ಲು. ಬಿಸಿಲು ಮಳೆ ಎರಡೂ ಜೋರಾಗಿರುವ ನಾಡಿನಲ್ಲಿ ನೀರು ಬಂಡೆಯೊಳಗಿನ ಉಳಿದ ಅಂಶಗಳನ್ನು ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚಾಗಿ ಉಳಿದಾಗ ಈ ಕಲ್ಲು ಆಗುತ್ತದೆ. ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಈಗ ಗ್ಯಾಂಬಿಯಾದ ಕಂಬಗಳನ್ನು ವರ್ಣಿಸುವವರೂ ಅದೇ ಹೆಸರು ಬಳಸುತ್ತಾರೆ. ನೆಲದೊಳಗಿದ್ದಾಗ ಕಬ್ಬಿಣದ ಹತ್ಯಾರಕ್ಕೆ ಬಗ್ಗುವ ಈ ಕಲ್ಲು, ಹೊರತೆಗೆದು ಗಾಳಿಗೊಡ್ಡಿದರೆ ಗಟ್ಟಿಯಾಗುತ್ತ ಹೋಗುತ್ತದೆ.

ಕರಾವಳಿಯಲ್ಲಿ ಇದನ್ನು ಇಟ್ಟಿಗೆಯಂತೆ ತುಂಡುತುಂಡಾಗಿ ಕಡಿಯುತ್ತಾರೆ. ಗ್ಯಾಂಬಿಯಾದ ಹಳಬರು ಇಡೀ ಕಂಬವನ್ನೇ ಒಂದೇ ತುಂಡಾಗಿ ಎಬ್ಬಿಸುತ್ತಿದ್ದರು. ಎಬ್ಬಿಸುವಾಗ ಬಿರುಕು ಬಿಟ್ಟರೆ ಅಷ್ಟೂ ದಿನದ ದುಡಿಮೆ ಹೋಯಿತು! ಹಾಗೆ ಜೋಪಾನವಾಗಿ ತೆಗೆದದ್ದನ್ನು ದುಂಡಗೋ ಪಟ್ಟೆಪಟ್ಟೆಯಾಗಿಯೋ ಕಡೆದು, ಸಾಗಿಸಿ, ಬುಡ ಹೂತು ನಿಲ್ಲಿಸಬೇಕು. ಕಲ್ಲು ಕೀಳುವವರು, ಕಬ್ಬಿಣ ಕಾಸುವವರು, ಎಳೆಯುವವರು, ಇವರೆಲ್ಲರಿಗೆ ಉಣ್ಣಿಸುವವರು ಇದ್ದೇ ಇರಬೇಕಲ್ಲ. ಅಕ್ಷರ ಕೊರೆದ ಒಂದು ಸಾಲೂ ಇಲ್ಲಿಲ್ಲ. ಆದರೂ ಒಗ್ಗಟ್ಟಿನಿಂದ ದುಡಿದ ದೊಡ್ಡ ಸಮಾಜವೊಂದು ಈ ಕಂಬಗಳಲ್ಲೇ ಕಾಣುತ್ತದೆ.

ಕೆಲವರು ಇದನ್ನು ಆಫ್ರಿಕಾದ ಸ್ಟೋನ್‌ಹೆಂಜ್ ಎನ್ನುವುದುಂಟು. ಆ ಹೋಲಿಕೆ ಅಷ್ಟು ಸರಿಯಲ್ಲ. ಇಂಗ್ಲೆಂಡಿನ ಕಲ್ಲುವೃತ್ತವಾದ ಸ್ಟೋನ್‌ಹೆಂಜ್ ಸಾವಿರಾರು ವರ್ಷ ಹಳೆಯದು, ಲೋಹದ ಉಳಿ ಬರುವ ಮುಂಚಿನ ಕಾಲದಲ್ಲೇ ಶುರುವಾದದ್ದು. ಗ್ಯಾಂಬಿಯಾ ನದಿಯ ಈ ಪ್ರದೇಶದಲ್ಲಿ ದೊರೆತ ಕುರುಹುಗಳು ಕ್ರಿ.ಪೂ. 3ನೇ ಶತಮಾನದಿಂದ ಕ್ರಿ.ಶ. 16ನೇ ಶತಮಾನದವರೆಗೆ ಹಬ್ಬಿವೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಬರೆಸಿದ ಕಾಲದಿಂದ ಹಂಪಿಯಲ್ಲಿ ಕೃಷ್ಣದೇವರಾಯ ಆಳಿದ ಕಾಲದವರೆಗೆ ಎಂದರೆ ಎಷ್ಟು ದೀರ್ಘವೆಂದು ತಿಳಿಯುತ್ತದೆ. ಒಂದು ಬೆರಗಿನ ಕಟ್ಟಡಕ್ಕಿಂತ, ಇಷ್ಟು ತಲೆಮಾರು ಬಿಡದೆ ನಡೆಸಿಕೊಂಡು ಬಂದ ಪದ್ಧತಿಯೇ ಹೆಚ್ಚು ಸೋಜಿಗದ್ದು.

ಕಂಬಗಳ ಕೆಳಗೆ ಇರುವುದು ಸಮಾಧಿಗಳು. ಅಗೆದಾಗ ಮೂಳೆಗಳ ಜತೆಗೆ ಕಬ್ಬಿಣದ ಆಯುಧ, ಆಭರಣ, ಮಡಕೆಗಳು ಸಿಕ್ಕಿವೆ. ಬಹಳಷ್ಟು ವೃತ್ತಗಳ ಪೂರ್ವಕ್ಕೆ ಬೇರೆಯಾಗಿ ಕೆಲವು ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಮಡಕೆಗಳನ್ನು ಇಟ್ಟದ್ದು ಅವುಗಳ ಬುಡದಲ್ಲಿ. ವಾನಾರ್‌ನ ಉತ್ಖನನದಲ್ಲಿ ತಿಳಿದದ್ದೇನೆಂದರೆ, ಶವ ಹೂಳಿದ್ದು ಮೊದಲು, ಕಂಬ ನೆಟ್ಟದ್ದು ನಂತರ. ಅಂದರೆ ಸತ್ತವರ ನೆನಪಿಗೆ ಜನ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದಿದ್ದಾರೆ.

ಕೆರ್ ಬಾಚ್‌ನಲ್ಲಿ ಒಂಬತ್ತು ವೃತ್ತಗಳ ಜತೆಗೆ ಕವೆಗೋಲಿನಂತೆ ಮೇಲಕ್ಕೆ ಎರಡಾಗಿ ಸೀಳಿದ ಕಲ್ಲೊಂದಿದೆ. ಎರಡು ಕವಲೂ ಒಂದೇ ಬಂಡೆಯಲ್ಲಿ ಕಡೆದದ್ದು. ಒಂದೇ ದಿನ ತೀರಿಕೊಂಡ ಇಬ್ಬರು ಹತ್ತಿರದ ಬಂಧುಗಳನ್ನು ಅಲ್ಲಿ ಹೂತಿದ್ದಾರೆಂದು ಕತೆ ಹೇಳುತ್ತಾರೆ. ಕತೆ ಏನೇ ಇರಲಿ, ಸುಲಭಕ್ಕೆ ಮುರಿಯುವ ಮುರಕಲ್ಲಿನಲ್ಲಿ ಅಂಥ ಆಕಾರ ತೆಗೆದವನ ಕೈಚಳಕವನ್ನು ಮೆಚ್ಚಲೇಬೇಕು.

ವಾಸ್ಸುವಿನಲ್ಲಿ ಹನ್ನೊಂದು ವೃತ್ತಗಳಿವೆ, ಪಕ್ಕದಲ್ಲೇ ಒಂದು ಸಣ್ಣ ವಸ್ತುಸಂಗ್ರಹಾಲಯವೂ ಇದೆ. ಸುಮಾರು ಎರಡೂವರೆ ಮೀಟರಿನಷ್ಟು ಎತ್ತರದ ಕಂಬ ಇರುವುದೂ ಇಲ್ಲೇ. ನೋಡಲು ಬಂದವರು ಕಂಬಗಳ ತಲೆಯ ಮೇಲೆ ಒಂದೊಂದು ಸಣ್ಣ ಕಲ್ಲು ಇಟ್ಟು ಹೋಗುವ ರೂಢಿಯಿದೆ. ಅಷ್ಟು ದೂರ ಹೋಗಲಾಗದವರು ಗ್ಯಾಂಬಿಯಾದ 50 ದಲಾಸಿಯ ಹಳೆಯ ನೋಟು ಕೈಗೆ ಸಿಕ್ಕರೆ ತಿರುಗಿಸಿ ನೋಡಬಹುದು. ಹಿಂಬದಿಯಲ್ಲಿ ವಾಸ್ಸುವಿನ ಈ ಕಂಬಗಳ ಚಿತ್ರವಿದೆ.