ಬಣ್ಣದ ಡಾಕ್ಟರು ಪಾಲ್ ಎರ್ಲಿಕ್

ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ನಮ್ಮಲ್ಲಿ ಎಷ್ಟೋ ಜನಕ್ಕೆ ಸೀನು, ಕಣ್ಣುರಿ, ಮೈ ಕೆರೆತ ಶುರುವಾಗುತ್ತದೆ. ಇದಕ್ಕೆ ಕಾರಣವಾದ ಜೀವಕೋಶಕ್ಕೆ ಹೆಸರಿಟ್ಟವರು ಪಾಲ್ ಎರ್ಲಿಕ್. ಈ ಸಲ ನಾನು ಅವರ ಬಗ್ಗೆ ಬರೆಯುತ್ತೇನೆ.

ಎರ್ಲಿಕ್ ಹುಟ್ಟಿದ್ದು 1854ರ ಮಾರ್ಚ್ 14ರಂದು, ಆಗಿನ ಪ್ರಷ್ಯಾದ ಸ್ಟ್ರೆಲೆನ್ ಎಂಬ ಊರಿನಲ್ಲಿ. ಆ ಊರು ಈಗ ಪೋಲೆಂಡಿನಲ್ಲಿದೆ. ಅವರದು ಯೆಹೂದಿ ಮನೆತನ. ತಾಯಿಯ ಕಡೆಯ ನೆಂಟರಾದ ಡಾಕ್ಟರ್ ಕಾರ್ಲ್ ವೈಗರ್ಟ್ ಜೀವಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಹುಡುಗನಿಗೂ ಅದೇ ಹುಚ್ಚು ಹಿಡಿಯಿತು. ಬಟ್ಟೆಗೆ ಹಾಕುವ ಅನಿಲಿನ್ ಬಣ್ಣಗಳನ್ನೇ ಅವರು ಬಳಸಿದರು.

1878ರಲ್ಲಿ ಲೈಪ್‌ಜಿಗ್‌ನಲ್ಲಿ ಡಾಕ್ಟರ್ ಪದವಿಗೆ ಪ್ರಬಂಧ ಕೊಟ್ಟಾಗ ವಯಸ್ಸು ಬರೀ 24. ಅದರಲ್ಲೇ ಅವರು ಒಂದು ವಿಚಿತ್ರ ಕೋಶದ ಬಗ್ಗೆ ಬರೆದರು. ಅದರ ಹೊಟ್ಟೆ ತುಂಬ ಕಾಳು ಕಾಳು. ಹಾಕಿದ ಬಣ್ಣವೇ ಬೇರೆ, ಕಾಳು ಹಿಡಿದ ಬಣ್ಣವೇ ಬೇರೆ! ಚೆನ್ನಾಗಿ ಮೇದು ಕೊಬ್ಬಿದ ಕೋಶ ಇರಬೇಕು ಅಂತ ಅವರು ಅಂದುಕೊಂಡರು. ಜರ್ಮನ್ ಭಾಷೆಯಲ್ಲಿ ದನಕರುಗಳನ್ನು ಮೇಯಿಸಿ ಕೊಬ್ಬಿಸುವುದಕ್ಕೆ ಮಾಸ್ಟ್ ಎನ್ನುತ್ತಾರೆ. ಹಾಗಾಗಿ ಅದು ಮಾಸ್ಟ್ ಕೋಶವಾಯಿತು.

ಆಮೇಲೆ ಬರ್ಲಿನ್‌ನಲ್ಲಿ ಕೆಲಸ. ಕ್ಷಯದ ರೋಗಾಣುವಿಗೆ ಬಣ್ಣ ಹಾಕುವ ಒಳ್ಳೆಯ ವಿಧಾನ ಕಂಡುಹಿಡಿದ ಅವರಿಗೇ ಕ್ಷಯ ಅಂಟಿತು. ಈಜಿಪ್ಟಿಗೆ ಹೋಗಿ ಇದ್ದು, ಸುಧಾರಿಸಿಕೊಂಡು ಬಂದು ಮತ್ತೆ ಕೆಲಸ ಹಿಡಿದರು. 1897ರಲ್ಲಿ ಹೊಸ ವಿಚಾರ ಹೇಳಿದರು: ಕೋಶದ ಮೈಮೇಲೆ ಬೀಗದಂತಹ ಜಾಗಗಳಿವೆ, ಸರಿಯಾದ ಕೀಲಿ ಬಂದರೆ ಮಾತ್ರ ಹೊಂದುತ್ತದೆ. 1908ರಲ್ಲಿ ಮೆಚ್ನಿಕಾಫ್ ಜೊತೆ ನೊಬೆಲ್ ಬಹುಮಾನ ಬಂತು. ಜಪಾನಿನ ಹಾಟಾ ಜೊತೆ ಸೇರಿ ಸಿಫಿಲಿಸ್ ರೋಗಕ್ಕೆ 606 ಎಂಬ ಔಷಧಿಯನ್ನೂ ಕೊಟ್ಟರು. 1915ರ ಆಗಸ್ಟ್ 20ರಂದು ತೀರಿಕೊಂಡರು.

ಆದರೆ ಆ ಕಾಳುಗಳಲ್ಲಿ ಏನಿದೆ ಅಂತ ಅವರಿಗೆ ಕೊನೆವರೆಗೂ ಗೊತ್ತಾಗಲಿಲ್ಲ. ಅದರಲ್ಲಿರುವುದು ಹಿಸ್ಟಮಿನ್ ಎಂದು ರೈಲಿ ಮತ್ತು ವೆಸ್ಟ್ ತೋರಿಸಿದ್ದು 1953ರಲ್ಲಿ, ಅಂದರೆ 75 ವರ್ಷ ಕಳೆದ ಮೇಲೆ!

ಈಗ ತಿಳಿದಿರುವುದು ಹೀಗೆ. ಅಲರ್ಜಿ ಇರುವವರ ರಕ್ತದಲ್ಲಿ ಆ ಪರಾಗಕ್ಕೆ ತಕ್ಕ ಐಜಿಇ ಎಂಬ ಪ್ರತಿಕಾಯ ತಯಾರಾಗಿ, ಮಾಸ್ಟ್ ಕೋಶದ ಮೈಗೆ ಅಂಟಿ ಕಾಯುತ್ತಿರುತ್ತದೆ. ಮತ್ತೆ ಪರಾಗ ಬಂದು ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದರೆ ಸಾಕು, ಕೆಲವೇ ನಿಮಿಷದಲ್ಲಿ ಕಾಳುಗಳು ಹೊರಗೆ ಬೀಳುತ್ತವೆ. ಹಿಸ್ಟಮಿನ್ ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ನೀರು ಸೋರಿ ಊತ ಬರುತ್ತದೆ, ನರಗಳನ್ನು ಕೆಣಕಿ ಕೆರೆತ ತರುತ್ತದೆ.

ಇದಕ್ಕೆ ಲಗಾಮೂ ಉಂಟು. ಬಿಳಿ ರಕ್ತಕಣಗಳಾದ ಟಿ-ಕೋಶಗಳಲ್ಲಿ ಒಂದು ಬಗೆಯವು ಐಜಿಇ ಮಾಡಿಸುತ್ತವೆ, ಇನ್ನೊಂದು ಬಗೆಯವು ಗಲಾಟೆ ಸಾಕು ಅಂತ ತಡೆಯುತ್ತವೆ. ಐಜಿಜಿ ಎಂಬ ಪ್ರತಿಕಾಯ ಪರಾಗವನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನೇ ಸ್ವಲ್ಪ ಸ್ವಲ್ಪ ಚುಚ್ಚಿ ರೋಗಿಗಳ ಮೈಗೆ ಒಗ್ಗಿಸಿದ್ದರು. ಆ ಚಿಕಿತ್ಸೆಯಿಂದ ಬಲವಾಗುವುದು ಈ ಲಗಾಮೇ. ನಾವು ನುಂಗುವ ಅಲರ್ಜಿ ಮಾತ್ರೆ ಹಿಸ್ಟಮಿನ್ ಕೂರುವ ಬೀಗದಲ್ಲಿ ತಾನೇ ಮೊದಲು ಹೋಗಿ ಕೂರುತ್ತದೆ. ಎರ್ಲಿಕ್ ಹೇಳಿದ ಬೀಗದ ಮಾತು ಇಲ್ಲಿ ನಿಜವಾಯಿತು ನೋಡಿ.

ಒಂದು ಮಾತು ಮರೆಯಬೇಡಿ. ಜೇನುಹುಳ ಕಚ್ಚಿ ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ, ಮಾತ್ರೆ ಸಾಲದು. ಅಡ್ರಿನಲಿನ್ ಇಂಜೆಕ್ಷನ್ ಬೇಕು, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಎರ್ಲಿಕ್ ಮೂಟೆ ಕಂಡರು, ಒಳಗಿನ ಸರಕು ಕಾಣಲಿಲ್ಲ. ಆದರೂ ಕಂಡಷ್ಟನ್ನು ಸರಿಯಾಗಿ ಬರೆದಿಟ್ಟರು. ಅದರಿಂದಲೇ ಮುಂದಿನವರು ಮೂಟೆ ಬಿಚ್ಚಲು ಆಯಿತು.