ಗಾಳಿ, ಪೆಟ್ರೋಲ್‌ಗಳ ಹದ ಬಲ್ಲವರು: ಎಡೊವಾರ್ಡೊ ವೆಬರ್

ಫೆರಾರಿ, ಮಸೆರಾಟಿ, ಆಲ್ಫಾ ರೋಮಿಯೊ ಕಾರುಗಳ ಹೆಸರು ಕೇಳದವರು ವಿರಳ. ಆ ಕಾರುಗಳ ಎಂಜಿನ್ನಿಗೆ ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಕೊಡುತ್ತಿದ್ದ ಕಾರ್ಬುರೇಟರಿನ ಮೇಲೆ ಬಹುಕಾಲ ಕಾಣುತ್ತಿದ್ದ ಹೆಸರು ವೆಬರ್. ಆ ಹೆಸರಿನ ಹಿಂದಿನ ವ್ಯಕ್ತಿಯ ಬದುಕು, ಅದರಲ್ಲೂ ಅವರ ಅಂತ್ಯ, ಇಟಲಿಯ ಯುದ್ಧಕಾಲದ ಒಂದು ಕರಾಳ ಅಧ್ಯಾಯ.

ಎಡೊವಾರ್ಡೊ ವೆಬರ್ ಜನಿಸಿದ್ದು 1889ರಲ್ಲಿ, ಇಟಲಿಯ ಟ್ಯೂರಿನ್ ನಗರದಲ್ಲಿ. ಫಿಯಟ್ ಸಂಸ್ಥೆಯಲ್ಲಿ ವೃತ್ತಿ ಆರಂಭಿಸಿದ ಅವರು ಅನಂತರ ಬೊಲೊನ್ಯಾ ನಗರದಲ್ಲಿ ನೆಲೆ ನಿಂತರು. ಮೊದಲ ಮಹಾಯುದ್ಧದ ನಂತರ ಇಟಲಿಯಲ್ಲಿ ಪೆಟ್ರೋಲ್ ಬಲು ದುಬಾರಿಯಾಗಿತ್ತು. ಲಾರಿಗಳು ಸೀಮೆಎಣ್ಣೆಯಲ್ಲೂ ಓಡುವಂತೆ ಮಾಡುವ ಸಲಕರಣೆಗಳನ್ನು ವೆಬರ್ ತಯಾರಿಸಿ ಮಾರಿದರು. ಇಂಧನದ ಉಳಿತಾಯವೇ ಅವರ ಉದ್ಯಮದ ಬುನಾದಿಯಾಯಿತು. 1923ರಲ್ಲಿ ಅವರು ಬೊಲೊನ್ಯಾದಲ್ಲಿ ಸ್ವಂತ ಕಾರ್ಬುರೇಟರ್ ಕಾರ್ಖಾನೆ ಸ್ಥಾಪಿಸಿದರು.

ಅವರ ಮುಂದಿದ್ದ ಸಮಸ್ಯೆ ಸರಳವಾಗಿರಲಿಲ್ಲ. ಎಂಜಿನ್ ಎಳೆದುಕೊಳ್ಳುವ ಗಾಳಿ ಕಾರ್ಬುರೇಟರಿನ ಕಿರಿದಾದ ಕಂಠದಲ್ಲಿ ವೇಗ ಪಡೆಯುತ್ತದೆ. ಅಲ್ಲಿ ಒತ್ತಡ ಕುಸಿದು, ಜೆಟ್ ಎಂಬ ಸೂಕ್ಷ್ಮ ರಂಧ್ರದ ಮೂಲಕ ಪೆಟ್ರೋಲ್ ಚಿಮ್ಮುತ್ತದೆ. 1 ಭಾಗ ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಗರಿಷ್ಠ ಶಕ್ತಿ ದೊರೆಯುವುದು ಗಾಳಿ 12.5ರಿಂದ 13 ಭಾಗದಷ್ಟಿರುವಾಗ. ಪೆಟ್ರೋಲ್ ಹೆಚ್ಚಾದರೆ ಸ್ಪಾರ್ಕ್ ಪ್ಲಗ್ ಮಸಿ ಹಿಡಿದು ಎಂಜಿನ್ ಉಸಿರುಗಟ್ಟುತ್ತದೆ; ಪೂರ್ಣ ವೇಗದಲ್ಲಿ ಕಡಿಮೆಯಾದರೆ ಪಿಸ್ಟನ್ನೇ ಕರಗಬಹುದು.

ಕಂಠ ಕಿರಿದಾಗಿದ್ದರೆ ಕಡಿಮೆ ವೇಗದಲ್ಲಿ ಮಿಶ್ರಣ ಚೆನ್ನಾಗಿರುತ್ತದೆ, ಆದರೆ ವೇಗ ಹೆಚ್ಚಿದಾಗ ಗಾಳಿ ಸಾಲದು. ಅಗಲವಾಗಿದ್ದರೆ ಇದಕ್ಕೆ ವಿರುದ್ಧ ತೊಂದರೆ. ವೆಬರ್ ಒಂದೇ ಕಾರ್ಬುರೇಟರಿನಲ್ಲಿ ಭಿನ್ನ ಅಳತೆಯ ಎರಡು ಕಂಠಗಳನ್ನಿಟ್ಟರು. ಸಾಧಾರಣ ಓಟಕ್ಕೆ ಚಿಕ್ಕದು ಕೆಲಸ ಮಾಡುತ್ತಿತ್ತು. ವೇಗಕ್ಕೆ ದೊಡ್ಡದು ತೆರೆದುಕೊಳ್ಳುತ್ತಿತ್ತು. ಮಿತವ್ಯಯ ಮತ್ತು ಶಕ್ತಿ ಎರಡೂ ಹೀಗೆ ಒಂದೇ ಸಾಧನದಲ್ಲಿ ಕೂಡಿಬಂದವು.

1930ರ ದಶಕದಲ್ಲಿ ಅವರು ಪಂದ್ಯದ ಕಾರುಗಳತ್ತ ಗಮನ ಹರಿಸಿದರು. ಇಲ್ಲಿ ಎರಡು ಕಂಠಗಳೂ ಸಮಾನ ಅಳತೆಯವು, ಒಂದೊಂದು ಸಿಲಿಂಡರಿಗೂ ಒಂದೊಂದು ಕಂಠ. ಬೊಲೊನ್ಯಾದಲ್ಲೇ 1914ರಲ್ಲಿ ಹುಟ್ಟಿದ್ದ ಮಸೆರಾಟಿ ಸಂಸ್ಥೆ ಹಾಗೂ ಆಲ್ಫಾ ರೋಮಿಯೊ ತಮ್ಮ ಪಂದ್ಯದ ಕಾರುಗಳಿಗೆ ವೆಬರ್ ಕಾರ್ಬುರೇಟರ್ ಅಳವಡಿಸಿಕೊಂಡವು.

ಮೆಕ್ಯಾನಿಕ್‌ಗಳು ಈ ಸಾಧನವನ್ನು ಮೆಚ್ಚಲು ಕಾರಣವಿತ್ತು. ಕಂಠದ ತೋಳು, ಪೆಟ್ರೋಲಿನ ಮುಖ್ಯ ಜೆಟ್, ಗಾಳಿಯ ಜೆಟ್, ಇವೆರಡರ ನಡುವಿನ ರಂಧ್ರಗಳುಳ್ಳ ನಳಿಗೆ ಎಲ್ಲವನ್ನೂ ಬಿಚ್ಚಿ ಬದಲಿಸಬಹುದಿತ್ತು. ಜೆಟ್‌ಗಳ ಮೇಲಿನ ಅಂಕಿ ರಂಧ್ರದ ಅಳತೆಯನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುತ್ತದೆ. 120 ಎಂದರೆ 1.20 ಮಿಲಿಮೀಟರ್. ಮುಖ್ಯ ಜೆಟ್ ದೊಡ್ಡದಾದರೆ ಮಿಶ್ರಣ ಗಾಢವಾಗುತ್ತದೆ. ಗಾಳಿಯ ಜೆಟ್ ದೊಡ್ಡದಾದರೆ, ಮುಖ್ಯವಾಗಿ ಹೆಚ್ಚಿನ ವೇಗದಲ್ಲಿ, ಮಿಶ್ರಣ ತೆಳುವಾಗುತ್ತದೆ. ಪೂರ್ಣ ವೇಗದ ಓಟದ ನಂತರ ಪ್ಲಗ್ ಬಿಚ್ಚಿ ನೋಡುವುದು ರೂಢಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿದ್ದರೆ ಕಡಿಮೆ, ತಿಳಿ ಕಂದು ಬಣ್ಣವಿದ್ದರೆ ಹದ ಸರಿ.

ಎರಡನೇ ಮಹಾಯುದ್ಧ ಈ ಬೆಳವಣಿಗೆಗೆ ತಡೆಯೊಡ್ಡಿತು. 1945ರ ಏಪ್ರಿಲ್ 21ರಂದು ಬೊಲೊನ್ಯಾ ಜರ್ಮನ್ನರ ಹಿಡಿತದಿಂದ ಬಿಡುಗಡೆಗೊಂಡಿತು. ಬೆನ್ನಲ್ಲೇ, ಫ್ಯಾಸಿಸ್ಟರೆಂಬ ಶಂಕೆಗೆ ಗುರಿಯಾದವರ ಮೇಲೆ ಸೇಡಿನ ಅಲೆಯೆದ್ದಿತು. ಮೇ ತಿಂಗಳಲ್ಲಿ ವೆಬರ್ ಕಣ್ಮರೆಯಾದರು. ಆಗ ಅವರಿಗೆ 55 ವರ್ಷ. ಅವರನ್ನು ಅಪಹರಿಸಿ ಕೊಲ್ಲಲಾಯಿತೆಂದೇ ನಂಬಲಾಗಿದೆ, ದೇಹ ಸಿಗಲಿಲ್ಲ. ಯಾವ ನ್ಯಾಯಾಲಯದಲ್ಲೂ ಅವರ ಮೇಲಿನ ಆರೋಪ ವಿಚಾರಣೆಗೆ ಬರಲಿಲ್ಲ, ಅವರ ಉತ್ತರವನ್ನು ಯಾರೂ ಕೇಳಲಿಲ್ಲ.

ಎರಡೇ ವರ್ಷಗಳ ತರುವಾಯ, 1947ರಲ್ಲಿ, ಫೆರಾರಿ ಹೆಸರು ಹೊತ್ತ ಮೊದಲ ಕಾರು ವೆಬರ್ ಕಾರ್ಬುರೇಟರ್‌ಗಳೊಂದಿಗೆ ಪಂದ್ಯಕ್ಕಿಳಿಯಿತು. 1962ರ ಫೆರಾರಿ 250 ಜಿಟಿಒ ಕಾರಿನ 12 ಸಿಲಿಂಡರುಗಳಿಗೆ 6 ಜೋಡಿಕಂಠದ ವೆಬರ್‌ಗಳಿದ್ದವು. ಇಂತಹ ಗೆಲುವುಗಳನ್ನು ನೋಡಲು ಅವರಿರಲಿಲ್ಲ. 1952ರಲ್ಲಿ ಸಂಸ್ಥೆಯ ಒಡೆತನ ಫಿಯಟ್ ಕೈಸೇರಿತು.

ಮುಂದೆ ಗಣಕ ನಿಯಂತ್ರಿತ ಇಂಧನ ಇಂಜೆಕ್ಷನ್ ಬಂದು ಹೊಸ ಕಾರುಗಳಿಂದ ಕಾರ್ಬುರೇಟರ್ ಮರೆಯಾಯಿತು. 1992ರಲ್ಲಿ ವೆಬರ್ ಕಾರ್ಬುರೇಟರ್ ತಯಾರಿಕೆ ಬೊಲೊನ್ಯಾ ತೊರೆದು ಸ್ಪೇನಿನ ಮ್ಯಾಡ್ರಿಡ್‌ಗೆ ಸಾಗಿತು. ಆದರೆ ಹಳೆಯ ಪಂದ್ಯದ ಕಾರುಗಳನ್ನು ಜತನದಿಂದ ಕಾಪಾಡುವವರು ಇಂದಿಗೂ ಸ್ಕ್ರೂಡ್ರೈವರ್ ಹಿಡಿದು ಜೆಟ್ ಬದಲಿಸುತ್ತಾರೆ, ಪ್ಲಗ್ಗಿನ ಬಣ್ಣ ನೋಡುತ್ತಾರೆ. ಸಮಾಧಿಯೂ ದಕ್ಕದ ಮನುಷ್ಯನ ಹೆಸರು ಅವರ ಕೈಯಲ್ಲಿನ ಲೋಹದ ಮೇಲೆ ಅಚ್ಚೊತ್ತಿದೆ.