ಹೊಗೆಗೆ ದಾರಿ ಮಾಡಿದ ಅಮೂಲ್ಯ ರೆಡ್ಡಿ

ಒಲೆ ಹೊಗೆಯಿಂದ ಕ್ರಿಮಿ ಸಾಯುತ್ತವೆ, ಮನೆಗೆ ಒಳ್ಳೆಯದು ಎಂಬ ನಂಬಿಕೆ ಈಗಲೂ ಇದೆ. ಆದರೆ ಹೊಗೆಯ ಸೂಕ್ಷ್ಮ ಕಣಗಳು ನಮ್ಮ ಶ್ವಾಸಕೋಶಕ್ಕೇ ಇಳಿಯುತ್ತವೆ. ಅದಕ್ಕೇ ನಾವು ಅಮೂಲ್ಯ ರೆಡ್ಡಿಯವರನ್ನು ನೆನೆಯುತ್ತಿದ್ದೇವೆ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿ. 1974ರಲ್ಲಿ ಹಳ್ಳಿಗಳಿಗಾಗಿ ಅಲ್ಲೇ ‘ಅಸ್ತ್ರ’ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತ ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ತರುವವರು ಯಾರು ಎಂದು ತಂಡ ಲೆಕ್ಕ ಹಾಕಿತು. ಮುಂದೆ ಬಂದದ್ದು ಅಸ್ತ್ರ ಒಲೆ: ಮುಚ್ಚಿದ ಬೆಂಕಿಗೂಡು, ಮೂರು ಪಾತ್ರೆ, ಹೊಗೆಗೊಂದು ಕೊಳವೆ. ಸೌದೆಯೂ ಉಳಿಯಿತು. (ಕೊಳವೆಯ ಮಸಿ ತೆಗೆಯದಿದ್ದರೆ ಮಾತ್ರ ಹೊಗೆ ಮತ್ತೆ ಒಳಗೇ!) ರೆಡ್ಡಿ 2006ರಲ್ಲಿ ತೀರಿಕೊಂಡರು. ಬಳ್ಳಾರಿ ಗಾಂಧಿನಗರದ ಮನೆಗಳಲ್ಲಿ ಈಗ ಗ್ಯಾಸ್ ಇರಬಹುದು. ಅದೂ ನೈಟ್ರೋಜನ್ ಡೈಆಕ್ಸೈಡ್ ಬಿಡುತ್ತದೆ. ಒಗ್ಗರಣೆ ಹಾಕುವ ಮುಂಚೆಯೇ ಕಿಟಕಿ ತೆರೆಯಿರಿ.